ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತುತ್ತದೆಯೋ, ಇಲ್ಲವೋ?

ಪ್ರಶ್ನೆ (ಮುಧೋಳ): ಮೇಡಂ, ಸಕ್ಕರೆ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದೇನೆ. ನಮ್ಮ ಎಥೆನಾಲ್ ಟ್ಯಾಂಕಿನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದಿದೆ. ಹೊಸದಾಗಿ ಸೇರಿದ ಐಟಿಐ ಹುಡುಗ, ‘ಕರೆಕ್ಟ್‌ಗೆ ಇನ್‌ಕರೆಕ್ಟ್ ವಿರುದ್ಧ ಪದ. ಹಾಗಾದರೆ ಇದಕ್ಕೆ ಬೆಂಕಿ ಹತ್ತುವುದಿಲ್ಲ, ಅಲ್ಲವೇ ಸರ್?’ ಎಂದ. ಎದೆ ಝಲ್ಲೆಂದಿತು. ಏನು ಹೇಳಲಿ?

ಉತ್ತರ (ಇಂಗ್ಲಿಷ್ ಅಧ್ಯಾಪಕಿ, ವಿಜಯಪುರ): ಫಲಕ ಮೊದಲು, ವ್ಯಾಕರಣ ಆಮೇಲೆ. ‘ಫ್ಲೇಮಬಲ್’ ಎಂದು ಬರೆಸಿ. ಕೆಳಗೆ ಕನ್ನಡದಲ್ಲಿ ‘ಬೇಗ ಬೆಂಕಿ ಹತ್ತುತ್ತದೆ, ಬೀಡಿ ಸೇದಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿ. ಉರಿಯ ಚಿತ್ರವೂ ಇರಲಿ.

ಹುಡುಗನನ್ನು ಬೈಯಬೇಡಿ, ಅವನ ತರ್ಕ ಸರಿಯಾಗಿಯೇ ಇದೆ. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಎರಡು ‘ಇನ್’ಗಳು ಬಂದಿವೆ. ಒಂದರ ಅರ್ಥ ‘ಅಲ್ಲ’, ಇನ್ನೊಂದರದು ‘ಒಳಗೆ’. ಇನ್‌ಫ್ಲೇಮಬಲ್‌ನಲ್ಲಿ ಇರುವುದು ಎರಡನೆಯದು: ಉರಿ ಹೊತ್ತಿಕೊಳ್ಳಬಲ್ಲದ್ದು. ಜನ ಮೋಸಹೋಗಬಾರದೆಂದು ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ 1920ರ ದಶಕದಲ್ಲಿಯೇ ‘ಫ್ಲೇಮಬಲ್’ ಬಳಸಿರೆಂದು ಒತ್ತಾಯಿಸಿತ್ತು. ನಮ್ಮ ಪೆಟ್ರೋಲ್ ಟ್ಯಾಂಕರ್‌ಗಳ ಬೆನ್ನಿನಿಂದ ಮಾತ್ರ ಹಳೆಯ ಪದ ಇಳಿಯಲೊಲ್ಲದು. ಉರಿಯದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎನ್ನಬೇಕು.

ಪ್ರಶ್ನೆ (ಜಮಖಂಡಿ): ಇನ್‌ಕರೆಕ್ಟ್ ಎನ್ನುವವರು ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್ ಎನ್ನುವುದೇಕೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ.

ಉತ್ತರ: ಬಾಯಿಗೆ ಸುಲಭವಾಗಲೆಂದು. ನಮ್ಮ ಸೊನ್ನೆಯನ್ನೇ ನೋಡಿ. ‘ಹಂತ’ದಲ್ಲಿ ಅದು ನಕಾರದಂತೆ, ‘ಕಂಬ’ದಲ್ಲಿ ಮಕಾರದಂತೆ ಕೇಳುತ್ತದೆ. ‘ಪ’, ‘ಬ’, ‘ಮ’ ಮುಂದಿದ್ದರೆ ‘ಇನ್’ ಕೂಡ ‘ಇಮ್’ ಆಗುತ್ತದೆ, ‘ಲ’ ಇದ್ದರೆ ‘ಇಲ್’, ‘ರ’ ಇದ್ದರೆ ‘ಇರ್’. ಇದೆಲ್ಲ ಲ್ಯಾಟಿನ್ ವಂಶದ ಪದಗಳಿಗೆ ಸೇರಿದ ಮಾತು. ‘ಅನ್’ ಇಂಗ್ಲಿಷಿನ ಮನೆಮಗಳು, ಯಾರ ಮುಂದೆಯೂ ರೂಪ ಬದಲಿಸುವುದಿಲ್ಲ: ಅನ್‌ಪೇಡ್, ಅನ್‌ಲಕಿ, ಅನ್‌ರೆಡಿ. ಪರೀಕ್ಷೆಯಲ್ಲಿ ಕಾಲೆಳೆಯುವುದು ಇಂಥ ಜೋಡಿಗಳು: ಅನೇಬಲ್, ಆದರೆ ಇನೆಬಿಲಿಟಿ, ಅನ್‌ಈಕ್ವಲ್, ಆದರೆ ಇನ್‌ಈಕ್ವಾಲಿಟಿ, ಅನ್‌ಜಸ್ಟ್, ಆದರೆ ಇನ್‌ಜಸ್ಟಿಸ್. ಇವಕ್ಕೆ ಸೂತ್ರ ಹುಡುಕುತ್ತ ಕೂರಬೇಡಿ, ಬಾಯಿಪಾಠ ಮಾಡಿ.

ಮುಧೋಳದವರು ಮತ್ತೆ: ಹುಡುಗ ಈಗ ‘ಅನ್‌ಲೋಡ್’ ಹಿಡಿದುಕೊಂಡಿದ್ದಾನೆ. ಹಾಗೆಂದರೆ ಕಬ್ಬು ಹೇರದ ಟ್ರ್ಯಾಕ್ಟರ್ ಎಂದೇ?

ಉತ್ತರ: ಚುರುಕಾಗಿದ್ದಾನೆ! ಕ್ರಿಯಾಪದದ ಮುಂದೆ ಬಂದಾಗ ‘ಅನ್’ ಸಾಮಾನ್ಯವಾಗಿ ಮಾಡಿದ್ದನ್ನು ತಿರುಗಿಸುತ್ತದೆ. ಹೇರಿದ್ದನ್ನು ಇಳಿಸಿದರೆ ಅನ್‌ಲೋಡ್, ಹಾಕಿದ ಬೀಗ ತೆಗೆದರೆ ಅನ್‌ಲಾಕ್. ಕಬ್ಬನ್ನೇ ಹೇರದ ಗಾಡಿಯನ್ನು ಅನ್‌ಲೋಡ್ ಮಾಡಲು ಬರುವುದಿಲ್ಲ.