ಕೆರೆ ಏರಿ ಮೇಲಿಂದ ತೋರ್ಸು, ಕೆಳಗಿಳಿಸ್ಬೇಡ

ಪುಟ್ಟಿ, ನಿನ್ ಮೆಸೇಜ್ ಈಗ್ ನೋಡ್ದೆ ಕಣಮ್ಮ. ಮಗಂಗೆ ಸ್ಕೂಲಲ್ಲಿ ನದಿ ಕೆರೆ ಪ್ರಾಜೆಕ್ಟ್ ಕೊಟ್ಟವ್ರೆ, ಅವ್ನು ನೀರು ಟ್ಯಾಂಕಿಂದ ಬರುತ್ತೆ ಅಂತ ಬರ್ದವ್ನೆ, ಭಾನುವಾರ ಊರಿಗೆ ಕರ್ಕೊಂಡ್ ಬಂದು ಕೆರೆಗಿಳಿಸಿ ತೋರಿಸ್ಲಾ, ಭಯ ಆಗುತ್ತೆ ಅಂತ ಕೇಳಿದ್ಯಲ್ಲ. ಬಾ, ಆದ್ರೆ ಕೆರೆಗೆ ಮಾತ್ರ ಇಳಿಸ್ಬೇಡ, ಏರಿ ಮೇಲೆ, ಅಂದ್ರೆ ಕೆರೆ ಕಟ್ಟೆ ಮೇಲೆ, ಕೈ ಹಿಡ್ಕೊಂಡು ನಿಂತ್ಕೊಂಡು ತೋರ್ಸು.

ನಂಗಾಗಿದ್ದು ನಿಮ್ಮಪ್ಪಂಗೆ ಗೊತ್ತು. ನಾನಾಗ ಐದನೇ ಕ್ಲಾಸು. ಬೇಸಿಗೇಲಿ ಎಲ್ರೂ ಗಾಡಿ ಕಟ್ಕೊಂಡು ಕೆರೆ ತಳದ ಗೋಡು ಮಣ್ಣು ಅಗೆದು ಗದ್ದೆಗೆ ಹೊಡೆದಿದ್ರು, ಗುಂಡಿಗಳೆಲ್ಲ ಹಂಗೇ ಬಿದ್ದಿದ್ವು, ಆಮೇಲೆ ಮಳೆ ಹಿಡೀತು ನೋಡು, ನೀರು ತುಂಬಿ ಮೇಲಿಂದ ಎಲ್ಲಾ ಒಂದೇ ಸಮ. ಎಮ್ಮೆ ತೊಳಿಯೋಕೆ ಇಳಿದೆ, ಮಂಡಿವರ್ಗೂ ನೀರು, ಇನ್ನೊಂದ್ ಹೆಜ್ಜೆ ಇಟ್ಟೆ, ಕಾಲಡಿ ನೆಲನೇ ಇಲ್ಲ. ಎಮ್ಮೆ ಬಾಲ ಸಿಕ್ತು ಅಂತ ಬದುಕ್ದೆ. ದಡಕ್ಕೆ ಬಂದಾಗ ಮೂಗಿನ್ ತುಂಬ ಗೋಡು, ಆದ್ರೂ ಎಮ್ಮೆ ಉಜ್ಜೋ ಹುಲ್ಲು ಇನ್ನೊಂದ್ ಕೈಲಿ ಬಿಗಿಯಾಗೇ ಇತ್ತು. ನಮ್ಮವ್ವ ಮೊದ್ಲು ಎಮ್ಮೆ ನೋಡಿದ್ಲು, ಆಮೇಲ್ ನನ್ನ ನೋಡಿ ಎರಡು ಬಾರಿಸಿದ್ಲು. ಈಗಂತೂ ಜೆಸಿಬೀಲಿ ತೆಗೀತಾರೆ, ಒಂದೊಂದು ಗುಂಡಿ ಎರಡಾಳುದ್ದ. ಅದ್ಕೇ ಇನ್ನೊಂದ್ಸಲ ಹೇಳ್ತೀನಿ, ಇಳಿಸ್ಬೇಡ, ಕೆರೆ ನೀರು ಗದ್ದೆಗೆ ಬಿಡೋ ತೂಬಿನ ಹತ್ರನೂ ಬಿಡ್ಬೇಡ.

ತೂಬು ಅಂದ್ರೆ ನೆನಪಾಯ್ತು, ತೂಬಿನ ಕೆಳಗಿನ ಗದ್ದೆ ಮಾರುವಾಗ ನನ್ನ ಒಂದ್ ಮಾತು ಕೇಳ್ಲಿಲ್ಲ, ಎಲ್ರೂ ಈ ಗ್ರೂಪಲ್ಲೇ ಇದ್ದೀರ, ಹೆಸ್ರು ಎತ್ತಲ್ಲ ನಾನು. ತಗೊಂಡೋರು ಕಾಲುವೆ ಮುಚ್ಚಿ ಸೈಟ್ ಮಾಡವ್ರೆ, ಹೋದ್ವರ್ಷ ಕೆರೆ ತುಂಬಿ ಕೋಡಿ ಬಿದ್ದು ನೀರು ಹೊರಗೆ ಹರಿದಾಗ ನೀರು ದಾರಿ ಕಾಣದೆ ರೋಡಿಗೆ ಬಂತು. ಗದ್ದೆಗಳಿಗೆ ನೀರು ಹಂಚೋಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ ಆಗ, ಗುದ್ಲಿ ಹಿಡ್ಕೊಂಡು ಕಾಲುವೆ ಪೂರ್ತಿ ನಡೀತಿದ್ದ. ಈಗ ಕೇಳೋರ್ಯಾರು. ನಂಗೇನು, ಬಿಡಿ.

ಅಯ್ಯೋ, ಮಗೂಗೆ ಏನ್ ಹೇಳ್ಕೊಡ್ಬೇಕು ಅನ್ನೋದೇ ಮರೆತೆ. ಅವ್ನು ಬರ್ದಿದ್ದು ಪೂರ್ತಿ ತಪ್ಪಲ್ಲ ಕಣಮ್ಮ, ಟ್ಯಾಂಕಿಂದಲೇ ಶುರು ಮಾಡಿ ಹಿಂದಕ್ಕೆ ಗೆರೆ ಎಳೀಲಿ. ಬೆಂಗಳೂರಲ್ಲಿ ನಿಮ್ ಮನೆಗೆ ಬರೋ ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡ್ತಾರೆ. ಅದಕ್ಕಿಂತ ಮೇಲೆ ಕೆಆರ್‌ಎಸ್ಸು, ಅಲ್ಲಿ ಹಿನ್ನೀರಲ್ಲಿ ಕಾವೇರಿಗೆ ನಮ್ ಹೇಮಾವತಿ ಸೇರುತ್ತೆ. ಹೇಮಾವತಿ ಹಿಡ್ಕೊಂಡು ಮೇಲಕ್ಕೆ ಹೋದ್ರೆ ಹೊಳೆನರಸೀಪುರ, ಗೊರೂರು ಡ್ಯಾಂ, ಕೊನೆಗೆ ಅದು ಹುಟ್ಟೋ ಮೂಡಿಗೆರೆ ತಾಲೂಕು. ನಮ್ ಕೆರೆ ಕೋಡಿ ಹಳ್ಳ ಗೊರೂರಿಂದ ಕೆಳಗೆ ಹೊಳೆಗೆ ಬೀಳುತ್ತೆ, ಅದನ್ನೂ ಸಣ್ಣಗೆ ಒಂದ್ ಗೆರೆ ಹಾಕ್ಸು. ಕೋಡಿ ಎಲ್ಲಿ, ತೂಬು ಎಲ್ಲಿ ಅಂತ ಏರಿ ಮೇಲಿಂದ ನಾನೇ ತೋರಿಸ್ತೀನಿ. ಚಾರ್ಟ್ ಶೀಟು, ನೀಲಿ ಸ್ಕೆಚ್ ಪೆನ್ನು ಅಲ್ಲಿಂದ್ಲೇ ತಗೊಂಬಾ, ನಮ್ಮೂರ್ ಅಂಗಡೀಲಿ ಕೆಂಪೊಂದೇ ಇರೋದು.