"ರಿಸ್ಕ್"ಗೆ "ಅಪಾಯ" ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಇಸ್ರೋದ ಗಗನಯಾನ ಯೋಜನೆಯ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವುದರಲ್ಲಿ ರಿಸ್ಕ್ ಎಷ್ಟು, ಅದರಿಂದ ಸಿಗುವುದೇನು ಅನ್ನುವ ಭಾಗಕ್ಕೆ ಬಂದು ನಿಂತಿದ್ದೇನೆ. ರಿಸ್ಕ್ ಬಂದ ಕಡೆಯೆಲ್ಲ ಸುಮ್ನೆ "ಅಪಾಯ" ಅಂತ ಬರೆದುಕೊಂಡು ಹೋಗಿದ್ದೆ. ತಿರುಗಿ ಓದಿದರೆ ಸರಿ ಕಾಣಲಿಲ್ಲ.

ಎಡವಿದ್ದು ಅಮೆರಿಕದ ನಾಸಾದ ಚಾಲೆಂಜರ್ ನೌಕೆಯ ಸಾಲಿನಲ್ಲಿ. 1986ರ ಜನವರಿ 28ರಂದು ಅದು ಹಾರಿದ 73 ಸೆಕೆಂಡಿಗೆ ಒಡೆದುಹೋಯಿತು, ಒಳಗಿದ್ದ ಏಳೂ ಜನ ತೀರಿಕೊಂಡರು. ತನಿಖೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಿಸಿದಾಗ, ಕೆಲಸ ಮಾಡುವ ಇಂಜಿನಿಯರುಗಳ ಪ್ರಕಾರ ನೌಕೆ ಕಳೆದುಕೊಳ್ಳುವ ಸಂಭವ ಸುಮಾರು 100 ಹಾರಾಟಕ್ಕೆ ಒಂದು, ನಾಸಾದ ಮೇಲಧಿಕಾರಿಗಳ ಲೆಕ್ಕದಲ್ಲಿ 1 ಲಕ್ಷಕ್ಕೆ ಒಂದು. ಕೊನೆಗೆ ಈ ಬಗೆಯ ನೌಕೆಗಳ ಒಟ್ಟು 135 ಹಾರಾಟಗಳಲ್ಲಿ ಎರಡು ನೌಕೆ ಹೋದವು. ಈಗ ಇದನ್ನು "ಅಪಾಯ 100ಕ್ಕೆ ಒಂದು" ಅಂತ ಬರೆದರೆ ಕನ್ನಡ ಅನ್ನಿಸುತ್ತಾ? ಟ್ರಾನ್ಸ್‌ಫಾರ್ಮರ್ ಮೇಲೆ ತಲೆಬುರುಡೆ ಚಿತ್ರದ ಜೊತೆ ಬರೆದಿರುತ್ತಾರಲ್ಲ, ಆ ಪದ ಅದು. ಎಚ್ಚರಿಸುತ್ತದೆ, ಎಣಿಸುವುದಿಲ್ಲ. ಸದ್ಯಕ್ಕೆ "ಅಪಾಯದ ಸಂಭವ" ಅಂತ ತಿದ್ದಿದ್ದೇನೆ. "ಗಂಡಾಂತರ", "ಕುತ್ತು" ಎರಡೂ ಹೊರಗಿನಿಂದ ಬಂದು ಎರಗುವಂಥವು. ಪ್ರಾಣಕ್ಕೆ ಕುತ್ತು ಬರುತ್ತದೆ, ಬೇಕೂಂತ ಯಾರೂ ಕುತ್ತು ತಗೊಳ್ಳಲ್ಲ.

ಆದರೆ ರಿಸ್ಕ್ ತಗೊಳ್ತೀವಿ ಅಲ್ವಾ? ನನಗೆ ನಿಜವಾಗಿ ಕಾಡುತ್ತಿರುವುದು ಇದು. "ಗಗನಯಾತ್ರಿಗಳು ಅಪಾಯಕ್ಕೆ ಒಡ್ಡಿಕೊಂಡರು" ಅಂತ ಬರೆಯುವುದು ನಮಗೆ ರೂಢಿ. ಅದರಲ್ಲಿರುವ "ಕೊಳ್ಳು", ಇದು ಅವರೇ ತಿಳಿದು ಮಾಡಿದ್ದು ಅಂತ ಹೇಳಿಬಿಡುತ್ತದೆ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಹಾರಿ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ಕಿತ್ತುಬಂದ ಫೋಮ್ ತುಂಡು ಎಡರೆಕ್ಕೆಗೆ ಬಡಿಯಿತು. ನೌಕೆ ಮೇಲಿದ್ದಾಗಲೇ ಕೆಳಗಿನಿಂದ ಇ-ಮೇಲ್ ಹೋಯಿತು, ಹೀಗೊಂದು ಬಡಿದಿದೆ, ಮರಳುವಾಗ ಚಿಂತೆ ಮಾಡುವಂಥದ್ದೇನೂ ಇಲ್ಲ ಅಂತ. 2003ರ ಫೆಬ್ರವರಿ 1ರಂದು, ಇಳಿಯಲು ಇನ್ನು 16 ನಿಮಿಷ ಇದೆ ಅನ್ನುವಾಗ ಎಲ್ಲ ಚೂರಾಯಿತು. ರಾಕೆಟ್ ಹತ್ತುವ ರಿಸ್ಕ್ ಅವರು ತಗೊಂಡಿದ್ದರು, ನಿಜ. ತೂತು ಬಿದ್ದ ರೆಕ್ಕೆಯಲ್ಲಿ ಇಳಿಯುವ ರಿಸ್ಕ್ ಅವರು ತಗೊಂಡದ್ದಲ್ಲ. ಅಲ್ಲಿ "ಒಡ್ಡಿಕೊಂಡರು" ಅಂದರೆ ಸುಳ್ಳಾಗುತ್ತದೆ, ಸತ್ತವರ ಮೇಲೇ ಹೊರಿಸಿದ ಹಾಗೂ ಆಗುತ್ತದೆ. "ಅವರನ್ನು ಅಪಾಯಕ್ಕೆ ಒಡ್ಡಲಾಯಿತು" ಅಂತ ಬರೆದೆ. ಕಿವಿಗೆ ಒರಟು, ಆದರೂ ಹಾಗೇ ಇರಲಿ ಅನ್ನಿಸುತ್ತದೆ.

ರಿವಾರ್ಡ್‌ಗೆ "ಪ್ರತಿಫಲ" ಸರಿಯೆನಿಸಲಿಲ್ಲ, ದುಡಿದರೆ ಬಂದೇ ಬರುವ ಕೂಲಿಯ ಹಾಗೆ ಕೇಳುತ್ತದೆ. ನನಗೆ ಹಿಡಿಸಿದ್ದು "ಗಿಟ್ಟು". ನಮ್ಮ ಕಡೆ ಟೊಮೆಟೊ ಬೆಳೆದವರು "ಈ ರೇಟಿಗೆ ಕೊಟ್ರೆ ಗಿಟ್ಟಲ್ಲ" ಅನ್ನುತ್ತಾರೆ. ಹಾಕಿದ್ದು, ಬಂದದ್ದು, ಬರದೇ ಹೋಗಬಹುದಾದ್ದು ಎಲ್ಲ ಆ ಒಂದು ಮಾತಿನಲ್ಲಿದೆ. "ಮೂವರನ್ನು 400 ಕಿ.ಮೀ. ಮೇಲೆ ಕಳಿಸಿ, ಮೂರು ದಿನ ಇಟ್ಟು ಕರೆತಂದರೆ ನಮಗೆ ಗಿಟ್ಟುವುದೇನು?" ಅಂತ ಬರೆದರೆ ಮಕ್ಕಳಿಗೆ ತಟ್ಟನೆ ಹಿಡಿಯುತ್ತದೆ. ಆದರೆ ಜೀವದ ವಿಷಯದಲ್ಲಿ ಇದು ತೀರಾ ವ್ಯಾಪಾರದ ಮಾತಾಯಿತಾ? ನೀವೇ ಹೇಳಬೇಕು.

ಇನ್ನೊಂದು ಕೇಳುವುದಿದೆ. ಕಡಲಿಗೆ ಇಳಿಯುವವರು, ಅಡಿಕೆ ಮರ ಹತ್ತುವ ಕೊನೆಗಾರರು, ಜೇನು ಕೀಳುವವರು, ಇವರೆಲ್ಲ ದಿನಾ ಗೊತ್ತಿದ್ದೇ ಅಪಾಯಕ್ಕೆ ಕೈ ಹಾಕುವವರು. ಅದಕ್ಕೆ ಅವರ ಮಾತಿನಲ್ಲಿ ಬೇರೆ ಪದ ಏನಾದರೂ ಇದೆಯಾ?