ಅತ್ಯಾಚಾರ ಪ್ರಕರಣದಲ್ಲಿ ಖುಲಾಸೆ: ಸಾಕ್ಷಿಯನ್ನು ಕಣ್ಣಾರೆ ಕಾಣದ ಹೈಕೋರ್ಟ್ ಆಕೆಯ ಮಾತನ್ನು ತೂಗುವುದು ಹೇಗೆ?

ಕಾನೂನು_ಓದು:
ಹೀಗೊಂದು ಪ್ರಕರಣ ಎಂದಿಟ್ಟುಕೊಳ್ಳಿ. 2024ರ ಜುಲೈಗೆ ಮೊದಲು ಜಾರಿಯಲ್ಲಿದ್ದ ದಂಡ ಸಂಹಿತೆ, ಐಪಿಸಿಯ 376(1)ರ (ಅತ್ಯಾಚಾರಕ್ಕೆ ಶಿಕ್ಷೆ) ಅಡಿ ವಿಚಾರಣೆ ನಡೆದು ಸೆಷನ್ಸ್ ಕೋರ್ಟ್ ಆರೋಪಿಯನ್ನು ಖುಲಾಸೆ ಮಾಡಿದೆ. ಕೊಟ್ಟ ಕಾರಣ ಮೂರು: ದೂರು ಮೂರು ದಿನ ತಡ, ಮೈಮೇಲೆ ಗಾಯವಿಲ್ಲ, ಕೋರ್ಟಿನಲ್ಲಿ ಬಂದ ಚಾಕುವಿನ ಮಾತು ಪೊಲೀಸರ ಮುಂದಿನ ಹೇಳಿಕೆಯಲ್ಲಿಲ್ಲ. ಆಕೆಯ ಒಪ್ಪಿಗೆ ಇತ್ತು ಎಂಬುದು ಆರೋಪಿಯ ವಾದ. ಸಾಕ್ಷಿಕಟ್ಟೆಯಲ್ಲಿ ಆಕೆಯನ್ನು ನೋಡಿದ್ದು ಸೆಷನ್ಸ್ ನ್ಯಾಯಾಧೀಶರು. ಹೈಕೋರ್ಟಿನ ಕೈಗೆ ಸಿಗುವುದು ಬರೀ ಕಾಗದ. ಹಾಗಿರುವಾಗ ಆ ತೀರ್ಪನ್ನು ತಿರುಗಿಸಲು ಅದಕ್ಕೆ ಎಷ್ಟು ಸ್ವಾತಂತ್ರ್ಯ? ಒಪ್ಪಿಗೆ ಇರಲಿಲ್ಲವೆಂದೇ ಭಾವಿಸುವ, ಸಾಕ್ಷ್ಯ ಕಾಯ್ದೆಯ 114-ಎ ಊಹೆ ನೆರವಿಗೆ ಬರುತ್ತದೆಯೇ?

ಕಡತಪ್ರಿಯ:
114-ಎ ಮೊದಲು ಬದಿಗಿಡೋಣ. ಅದು 376(2)ರ ಸಂದರ್ಭಗಳಿಗೆ, ಅಂದರೆ ಅತ್ಯಾಚಾರದ ಹೆಚ್ಚು ಗಂಭೀರ ಸ್ವರೂಪಗಳಿಗೆ ಮಾತ್ರ (ಹಳೆಯ ಸಾಕ್ಷ್ಯ ಕಾಯ್ದೆಯ ಬದಲು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈಗ 120). ಅಲ್ಲಿಯೂ ಸಂಭೋಗ ಸಾಬೀತಾಗಿರಬೇಕು, ಒಪ್ಪಿಗೆ ಇರಲಿಲ್ಲವೆಂದು ಆಕೆ ಕೋರ್ಟಿನ ಮುಂದೆಯೇ ಹೇಳಿರಬೇಕು. 376(1) ಅಂದಮೇಲೆ ಒಪ್ಪಿಗೆ ಇರಲಿಲ್ಲವೆಂದು ತೋರಿಸುವ ಹೊಣೆ ಪ್ರಾಸಿಕ್ಯೂಷನ್ನಿನದೇ. ಮೇಲ್ಮನವಿ ಮೆಮೊಗಳಲ್ಲಿ ಈ ತಪ್ಪು ಪದೇ ಪದೇ ಬರುತ್ತದೆ.

ಹೈಕೋರ್ಟಿನ ಅಧಿಕಾರದ ಮಾತಿಗೆ ಸುಪ್ರೀಂ ಕೋರ್ಟಿನ 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಓದಿ. ಸಾಕ್ಷ್ಯವನ್ನೆಲ್ಲ ಮೊದಲಿನಿಂದ ಪರಿಶೀಲಿಸಲು ಹೈಕೋರ್ಟಿಗೆ ಪೂರ್ಣ ಅಧಿಕಾರ ಇದೆ. ಆದರೆ ಖುಲಾಸೆಯಾದವನ ಪರ ಊಹೆ ಎರಡು ಪಟ್ಟು: ಮೊದಲೇ ಇದ್ದ ನಿರ್ದೋಷಿತ್ವ, ಅದನ್ನು ಗಟ್ಟಿ ಮಾಡಿದ ತೀರ್ಪು. ಅದೇ ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನ ಸಾಧ್ಯವಾದರೆ ಖುಲಾಸೆಯನ್ನು ಮುಟ್ಟುವಂತಿಲ್ಲ. ಹಾಗಾಗಿ ಕೇಳಬೇಕಾದ್ದು "ನಾನಾಗಿದ್ದರೆ ಏನು ತೀರ್ಪು ಕೊಡುತ್ತಿದ್ದೆ" ಎಂದಲ್ಲ, "ಈ ತೀರ್ಪು ಕೊಡಲು ಸಾಧ್ಯವಿತ್ತೇ" ಎಂದು. ಶಿಕ್ಷೆಯ ವಿರುದ್ಧದ ಮೇಲ್ಮನವಿಯಲ್ಲಿ ಈ ಅಡ್ಡಗೋಡೆ ಇಲ್ಲ.

ನೀವು ಕೊಟ್ಟ ಮೂರರಲ್ಲಿ ಎರಡು ಕಾರಣ ಸಡಿಲ. ತಡ ಎಂಬುದು ತಾನಾಗಿ ಮುಳುವಲ್ಲ. ಮಾನಕ್ಕೆ ಅಂಜಿ, ಮನೆಯವರೊಡನೆ ಮಾತಾಡಿ ಬರುವಷ್ಟರಲ್ಲಿ ದಿನ ಕಳೆಯುತ್ತದೆಂದು 1996ರ ಗುರ್ಮಿತ್ ಸಿಂಗ್ ತೀರ್ಪು ಒಪ್ಪಿದೆ. ನೋಡಬೇಕಾದ್ದು ವಿವರಣೆ. ದೂರಿನಲ್ಲೇ ಇದೆಯೇ? ಮುಖ್ಯ ವಿಚಾರಣೆಯಲ್ಲಿ ಬಂತೇ? ಪಾಟಿ ಸವಾಲಿನಲ್ಲಿ ಅದನ್ನು ಯಾರಾದರೂ ಪ್ರಶ್ನಿಸಿದರೇ? ಪ್ರಶ್ನಿಸದೇ ಬಿಟ್ಟ ವಿವರಣೆಯನ್ನು ತೀರ್ಪಿನಲ್ಲಿ ದಿಢೀರನೆ ಅನುಮಾನಿಸುವುದು ನ್ಯಾಯವಲ್ಲ. ಇನ್ನೊಂದು: ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ ದಿನ, ಗಂಟೆ. ಅವರ ಷರಾ ಎಫ್‌ಐಆರ್ ಪ್ರತಿಯ ಮೇಲೇ ಇರುತ್ತದೆ. ಆಕೆಯ ತಡಕ್ಕಿಂತ ಪೊಲೀಸರ ತಡವೇ ಎಷ್ಟೋ ಸಲ ಹೆಚ್ಚು ಸಂಶಯ ಹುಟ್ಟಿಸುತ್ತದೆ.

ಪಾಟಿಸವಾಲು:
ಚಾಕುವಿನ ವಿಷಯದಲ್ಲೇ ಈ ಮೇಲ್ಮನವಿ ನಿಲ್ಲುವುದು ಅಥವಾ ಬೀಳುವುದು.

ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 161ರ ಅಡಿ ಪೊಲೀಸರು ಬರೆದುಕೊಂಡ ಹೇಳಿಕೆ ಮೂಲ ಸಾಕ್ಷ್ಯವಲ್ಲ. 164ರ ಹೇಳಿಕೆಯೂ ಅಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದಾದರೂ ಸಮರ್ಥನೆಗೋ ವಿರೋಧಾಭಾಸ ತೋರಿಸುವುದಕ್ಕೋ ಅಷ್ಟೇ. ಹೇಳಿಕೆಯಲ್ಲಿ ಒಂದಿದ್ದು ಕೋರ್ಟಿನಲ್ಲಿ ಇನ್ನೊಂದು ಬಂದಿದ್ದರೆ ಆ ಭಾಗವನ್ನು ಸಾಕ್ಷಿಗೆ ತೋರಿಸಬೇಕು. ಆಕೆ ನಿರಾಕರಿಸಿದರೆ "ಎ ಯಿಂದ ಎ" ಎಂದು ಗುರುತು ಹಾಕಿಸಿ, ತನಿಖಾಧಿಕಾರಿಯ ಮೂಲಕ ಸಾಬೀತು ಮಾಡಿಸಿ, ನಿಶಾನಿ ಡಿ-1 (ಆರೋಪಿ ಪರದ ಮೊದಲ ದಾಖಲೆ) ಎಂದು ದಾಖಲಿಸಬೇಕು. ಚಾಕುವಿನದು ಅದಕ್ಕಿಂತ ಬೇರೆ, ಅದು ಬಿಟ್ಟುಹೋದ ಮಾತು. ಗುರುತು ಹಾಕಲು ಅಲ್ಲಿ ಸಾಲೇ ಇಲ್ಲ. ಆಗ ದಾಖಲೆ ಹೀಗೆ ಬರಬೇಕು:

ಪಿ.ಡಬ್ಲ್ಯೂ.1 (ಪ್ರಾಸಿಕ್ಯೂಷನ್ನಿನ ಮೊದಲ ಸಾಕ್ಷಿ, ಅಂದರೆ ಆಕೆ), ಪಾಟಿ ಸವಾಲು: "ಚಾಕು ತೋರಿಸಿದನೆಂದು ಪೊಲೀಸರ ಮುಂದೆ ಹೇಳಿಲ್ಲವೆಂದರೆ ಸರಿಯಲ್ಲ, ಹೇಳಿದ್ದೇನೆ."
ತನಿಖಾಧಿಕಾರಿ, ಪಾಟಿ ಸವಾಲು: "ಆರೋಪಿ ಚಾಕು ತೋರಿಸಿದನೆಂದು ಪಿ.ಡಬ್ಲ್ಯೂ.1 ನನ್ನ ಮುಂದೆ ಹೇಳಿಲ್ಲವೆಂದರೆ ಸರಿ."

ಎರಡನೇ ವಾಕ್ಯ ದಾಖಲೆಯಲ್ಲಿ ಇಲ್ಲದಿದ್ದರೆ ಆ ಲೋಪ ಸಾಬೀತೇ ಆಗಿಲ್ಲ (ಹೇಳಿಲ್ಲವೆಂದು ಆಕೆಯೇ ಒಪ್ಪಿದ್ದರೆ ಬೇರೆ ಮಾತು). ಆದರೂ ಸೆಷನ್ಸ್ ನ್ಯಾಯಾಧೀಶರು ಚಾರ್ಜ್‌ಶೀಟಿನಲ್ಲಿದ್ದ ಹೇಳಿಕೆಯನ್ನು ತಾವೇ ತೆಗೆದು ಓದಿ "ಇಲ್ಲಿ ಚಾಕು ಇಲ್ಲ" ಎಂದು ಬರೆದುಬಿಟ್ಟಿರುತ್ತಾರೆ. ಸಾಕ್ಷ್ಯವಲ್ಲದ್ದನ್ನು ಸಾಕ್ಷ್ಯವೆಂದು ಓದಿದ ಇಂಥ ತಪ್ಪಿದ್ದರೆ ಹೈಕೋರ್ಟ್ ಧೈರ್ಯವಾಗಿ ಕೈ ಹಾಕಬಹುದು. ಹಾಗಾಗಿ ಮೇಲ್ಮನವಿ ಕೈಗೆ ಬಂದಕೂಡಲೇ ತೀರ್ಪನ್ನಲ್ಲ, ಮೊದಲು ತನಿಖಾಧಿಕಾರಿಯ ಪಾಟಿ ಸವಾಲನ್ನು ಓದಿ.

ಸರಿಯಾಗಿ ಸಾಬೀತಾಗಿದೆ ಎನ್ನಿ. ಆಗ ತೂಕದ ಪ್ರಶ್ನೆ. ಆರೋಪಿ "ಆ ಊರಲ್ಲೇ ನಾನಿರಲಿಲ್ಲ" ಎಂದಿದ್ದರೆ ಚಾಕು ಇತ್ತೋ ಇಲ್ಲವೋ ಎಂಬುದು ಬದಿಯ ವಿವರ. ಇಲ್ಲಿ ಅವನ ವಾದ ಒಪ್ಪಿಗೆ. ಆಕೆ ಹೇಗೆ ಮಣಿದಳು ಎಂಬುದಕ್ಕೆ ಇರುವ ಏಕೈಕ ಉತ್ತರವೇ ಚಾಕುವಾಗಿದ್ದರೆ ಆ ಲೋಪ ಬುಡಕ್ಕೇ ತಾಗುತ್ತದೆ. ಬಾಯಿ ಮುಚ್ಚಿದ್ದು, ಬಾಗಿಲು ಹಾಕಿದ್ದು ಮೊದಲ ಹೇಳಿಕೆಯಿಂದಲೂ ಇದ್ದು, ಚಾಕು ಆಮೇಲೆ ಸೇರಿದ್ದರೆ ಅದು ಉತ್ಪ್ರೇಕ್ಷೆ. ಅದನ್ನು ಕಳಚಿ ಉಳಿದದ್ದನ್ನು ನಂಬಬಹುದು.

ಬೆಂಚ್‌ಕ್ಲರ್ಕ್:
ಗಾಯದ ಬಗ್ಗೆ ಚುಟುಕಾಗಿ. ಅತ್ಯಾಚಾರವನ್ನು ವ್ಯಾಖ್ಯಾನಿಸುವ ಐಪಿಸಿ 375ರಲ್ಲೇ ಬರೆದಿದೆ: ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಎನ್ನುವಂತಿಲ್ಲ. ಮೂರು ದಿನದ ಮೇಲೆ ಪರೀಕ್ಷೆಯಾದರೆ ಸಣ್ಣ ತರಚು ಮಾಸಿರುತ್ತದೆ, ಸ್ವ್ಯಾಬಿನಲ್ಲಿ ವೀರ್ಯ ಸಿಗುವ ಸಂಭವವೂ 72 ಗಂಟೆಗಳ ನಂತರ ತೀರಾ ಕಡಿಮೆ. ಅದಕ್ಕೇ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ "ನೆಗೆಟಿವ್" ಎಂದರೆ "ನಡೆದಿಲ್ಲ" ಎಂದರ್ಥವಲ್ಲ. ವೈದ್ಯರ ವರದಿಯಲ್ಲಿ "ಸಂಭೋಗಕ್ಕೆ ರೂಢಿಯಾದವಳು" ಎಂಬ ಸಾಲಿದ್ದು, ತೀರ್ಪು ಅದರ ಮೇಲೆ ನಿಂತಿದ್ದರೆ ಅದನ್ನೂ ಆಕ್ಷೇಪದ ಅಂಶವಾಗಿ ಬರೆಯಿರಿ. ಒಪ್ಪಿಗೆಯ ಪ್ರಶ್ನೆಯಲ್ಲಿ ಪೂರ್ವ ಲೈಂಗಿಕ ಅನುಭವ ಅಪ್ರಸ್ತುತ ಎನ್ನುತ್ತದೆ ಸಾಕ್ಷ್ಯ ಕಾಯ್ದೆಯ 53-ಎ. ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎದುರುವಾದಿ:
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಒಬ್ಬಳೇ ಸಾಕ್ಷಿಯ ಮಾತಿನ ಮೇಲೆ ಶಿಕ್ಷೆ ಕೊಡಬಹುದು, ಒಪ್ಪಿದೆ. ಸಾಕ್ಷ್ಯ ಕಾಯ್ದೆಯ 134ರ ಪ್ರಕಾರ ಸಾಕ್ಷಿಗಳ ತಲೆ ಎಣಿಸುವಂತಿಲ್ಲ. ಆದರೆ 2012ರ ರಾಯ್ ಸಂದೀಪ್ ತೀರ್ಪು ಅಂಥ ಸಾಕ್ಷಿಗೆ ಅಳತೆಗೋಲು ಇಟ್ಟಿದೆ: ಮೊದಲ ಹೇಳಿಕೆಯಿಂದ ಕೋರ್ಟಿನವರೆಗೆ ಮಾತು ಒಂದೇ ಆಗಿರಬೇಕು, ಎಷ್ಟೇ ಉದ್ದದ ಪಾಟಿ ಸವಾಲಿಗೂ ಅಲುಗಬಾರದು, ಉಳಿದ ಸಾಕ್ಷ್ಯದೊಂದಿಗೆ ಹೊಂದಬೇಕು. ಪೂರ್ತಿ ನಂಬಲೂ ಆಗದ, ಪೂರ್ತಿ ತಳ್ಳಲೂ ಆಗದ ಸಾಕ್ಷಿಯಾದರೆ ಸಮರ್ಥನೆ ಹುಡುಕಬೇಕೆಂಬುದು 1957ರ ವಡಿವೇಲು ತೇವರ್ ಕಾಲದಿಂದಲೂ ಇರುವ ಮಾತು. ಈ ಪ್ರಕರಣದಲ್ಲಿ ಆಕೆ ಮೊದಲು ಯಾರಿಗೆ ಹೇಳಿದಳು? ಅವರನ್ನು ವಿಚಾರಿಸಿದ್ದಾರೆಯೇ? ತಾಯಿಗೋ ಅಕ್ಕನಿಗೋ ಕೂಡಲೇ ಹೇಳಿದ್ದರೆ ಅದೇ ಕಾಯ್ದೆಯ 157ರ ಅಡಿ ಅದು ಸಮರ್ಥನೆ. ಅವರನ್ನು ಕಾರಣವಿಲ್ಲದೆ ಕೈಬಿಟ್ಟಿದ್ದರೆ ಸೆಷನ್ಸ್ ತೀರ್ಪು "ಸಾಧ್ಯವಿದ್ದ ತೀರ್ಪೇ" ಎಂದು ನಾನು ವಾದಿಸುತ್ತೇನೆ.

ಕಾನೂನು_ಓದು:
ಧನ್ಯವಾದ. ಸಾಕ್ಷಿಯ ಹಾವಭಾವ ನೋಡಿದ ಅನುಕೂಲ ಸೆಷನ್ಸ್ ಕೋರ್ಟಿಗೆ ಇತ್ತಲ್ಲ, ಅದರ ಬೆಲೆ?

ಕಡತಪ್ರಿಯ:
ಹೇಳಿಕೆಯ ಅಡಿಯಲ್ಲಿ ಷರಾ ಬರೆದಿದ್ದರೆ ಬೆಲೆ ಇದೆ. ಸಿಆರ್‌ಪಿಸಿ 280 ಅದಕ್ಕೆಂದೇ ಇರುವುದು: ಸಾಕ್ಷಿ ಅತ್ತಳು, ಬಹಳ ಹೊತ್ತು ಸುಮ್ಮನಿದ್ದಳು ಎಂದು ಆಗಲೇ ದಾಖಲಿಸಬೇಕು. ಎಷ್ಟೋ ಕಡತಗಳಲ್ಲಿ ಆ ಜಾಗ ಖಾಲಿ. ತೀರ್ಪು ಬರೆಯುವ ದಿನ ನೆನಪಿನಿಂದ "ಆಕೆಯ ನಡವಳಿಕೆ ಅಸಹಜವಾಗಿತ್ತು" ಎಂದು ಸೇರಿಸಿದ್ದರೆ ಹೈಕೋರ್ಟ್ ಅದಕ್ಕೆ ತಲೆಬಾಗಬೇಕಿಲ್ಲ.

ಅಂದಹಾಗೆ ನೊಂದವರು ತಾವೇ ಹೋಗುವುದಾದರೆ ಸಿಆರ್‌ಪಿಸಿ 372ರ (ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ ಈಗ 413) ಪರಂತುಕದಡಿ ಮೇಲ್ಮನವಿಯನ್ನೇ ಹಾಕಬೇಕು. ರಿವಿಷನ್‌ನಲ್ಲಿ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸಲು ಬರುವುದಿಲ್ಲ, 401(3) (ಈಗ 442(3)) ನೋಡಿ.